ಎರಡೇ ಸ್ವರ ಕೇಳಿದೊಡನೆ ಗಿಟಾರ್ ವಾದಕರ ಗುರುತು ಹತ್ತುವುದು ಹೇಗೆ?

ಮಲ್ಪೆ ಗಾಳಿ (ಉಡುಪಿ)

ಮಣಿಪಾಲದಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ ಪ್ರತಿ ಭಾನುವಾರ ನಾವು ನಾಲ್ಕೈದು ಮಂದಿ ಸೇರಿ ಒಂದು ಆಟ ಆಡುತ್ತೇವೆ. ಒಬ್ಬರು ಯಾವುದಾದರೊಂದು ಧ್ವನಿಮುದ್ರಣದ ನಡುವಿನಿಂದ ಗಿಟಾರ್ ಮಾತ್ರ ಕೇಳುವ ಮೂರ್ನಾಲ್ಕು ಸೆಕೆಂಡುಗಳ ತುಣುಕನ್ನು ಹಾಕುತ್ತಾರೆ, ಉಳಿದವರು ನುಡಿಸುತ್ತಿರುವವರು ಯಾರೆಂದು ಹೇಳಬೇಕು. ಹಾಡು ಪರಿಚಿತವಾಗಿದ್ದರೆ ಆಟ ಕೆಡುತ್ತದೆಂದು ಹೆಚ್ಚು ಮಂದಿ ಕೇಳದ ಮುದ್ರಣಗಳನ್ನೇ ಹುಡುಕಿ ತರುತ್ತೇವೆ. ಇಷ್ಟಾದರೂ ಬಿ.ಬಿ. ಕಿಂಗ್, ಮಾರ್ಕ್ ನಾಫ್ಲರ್, ಡೇವಿಡ್ ಗಿಲ್ಮೋರ್ ಈ ಮೂವರ ವಿಷಯದಲ್ಲಿ ನಾನು ಇದುವರೆಗೆ ಸೋತದ್ದಿಲ್ಲ. ಕಿಂಗ್ ಅವರಿಗಂತೂ ಎರಡು ಸ್ವರ ಸಾಕು. ಆದರೆ ಇವರೆಲ್ಲರಿಗಿಂತ ಎಷ್ಟೋ ಪಾಲು ವೇಗವಾಗಿ ಬೆರಳೋಡಿಸುವ ಕೆಲವರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಹೇಳಲು ನನ್ನಿಂದಾಗುತ್ತಿಲ್ಲ. ಅವರ ಹೆಸರುಗಳನ್ನು ಬರೆದು ಅಭಿಮಾನಿಗಳ ಕೋಪಕ್ಕೆ ಗುರಿಯಾಗುವ ಧೈರ್ಯ ನನಗಿಲ್ಲ.

ಮನೆಯ ಯಜಮಾನರಾದ ಗೆಳೆಯರ ವಾದವೇನೆಂದರೆ, ನಾವು ಗುರುತಿಸುವುದು ವಾದಕರನ್ನಲ್ಲ, ಅವರ ಆಂಪ್ಲಿಫೈಯರನ್ನು ಮತ್ತು ನಾದದ ಬಣ್ಣ ಬದಲಿಸಲು ಕಾಲಬುಡದಲ್ಲಿ ಸಾಲಾಗಿ ಇಟ್ಟಿರುವ ಪೆಡಲುಗಳನ್ನು. ಆ ಸಾಮಗ್ರಿಯನ್ನೆಲ್ಲ ಕೊಂಡು ತಂದರೆ ಯಾರು ಬೇಕಾದರೂ ಗಿಲ್ಮೋರ್ ಆಗಬಹುದೆಂದು ಅವರು ಹೇಳುತ್ತಾರೆ, ಮತ್ತು ತಮ್ಮ ಸಂಬಳದ ಗಣನೀಯ ಭಾಗವನ್ನು ಆ ನಂಬಿಕೆಗೆ ಒಪ್ಪಿಸಿಯೂ ಇದ್ದಾರೆ. ಕಳೆದ ವಾರ ಅವರದೇ ಗಿಟಾರ್, ಅವರದೇ ಆಂಪ್, ಗುಂಡಿಗಳನ್ನು ಒಂದಿಷ್ಟೂ ತಿರುಗಿಸದೆ, ಅವರು ಆಗಷ್ಟೇ ನುಡಿಸಿದ ಸಾಲನ್ನೇ ನಾನು ನುಡಿಸಿದೆ. ಒಳಗೆ ಚಹಾ ಮಾಡುತ್ತಿದ್ದ ಅವರ ತಾಯಿ, "ಈಗ ಗಿಟಾರ್ ಹಿಡಿದದ್ದು ಬೇರೆಯವರಲ್ಲವಾ" ಎಂದು ಕೇಳಿದರು. ಅವರಿಗೆ ಗಿಟಾರಿನ ಗಂಧಗಾಳಿ ಇಲ್ಲ.

ನಿಮ್ಮ ಮೆಚ್ಚಿನ ವಾದಕರು ಯಾರು, ಮತ್ತು ಅವರ ನುಡಿಸಾಣಿಕೆಯಲ್ಲಿ ಅವರದೇ ಎನ್ನುವಂತಹ ಗುರುತು ಎಲ್ಲಿದೆ ಎಂದು ನಿಮಗೆ ತೋರುತ್ತದೆ? ಪಾಶ್ಚಾತ್ಯರೇ ಆಗಬೇಕೆಂದಿಲ್ಲ.

ಬೆಂದೂರ್‌ವೆಲ್ ತಂತಿ (ಮಂಗಳೂರು)

ಗಿಟಾರ್ ಕಲಿಸುವುದು ನನ್ನ ವೃತ್ತಿ, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು. ನಿಮ್ಮ ಗೆಳೆಯರ ತಾಯಿಯವರ ಕಿವಿ ಸರಿಯಾಗಿದೆ. ಒಂದು ಸ್ವರಕ್ಕೆ ಹುಟ್ಟು, ಬಾಳು, ಕೊನೆ ಎಂಬ ಮೂರು ಘಟ್ಟಗಳಿವೆ. ಹುಟ್ಟು ಬಲಗೈಯದು, ಬಾಳು ಎಡಗೈಯದು, ಕೊನೆಯಲ್ಲಿ ತಂತಿಯನ್ನು ಸುಮ್ಮನಾಗಿಸುವ ಕೆಲಸ ಎರಡೂ ಕೈಗಳದು. ಪೆಡಲುಗಳು ಬರುವುದು ಇದಿಷ್ಟೂ ನಿಶ್ಚಯವಾದ ಮೇಲೆ.

ಎಡಗೈಯ ಮಾತಿಗೆ ಬಿ.ಬಿ. ಕಿಂಗ್ (1925–2015) ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರ ಸಂಬಂಧಿಕರಾದ ಬುಕ್ಕಾ ವೈಟ್ ತಂತಿಯ ಮೇಲೆ ಉಕ್ಕಿನ ಕೊಳವೆ ಜಾರಿಸಿ ನುಡಿಸುತ್ತಿದ್ದರು. ಆ ಅದುರುವ ನಾದ ಕಿಂಗ್ ಅವರಿಗೆ ಬಹಳ ಹಿಡಿಸಿತು, ಆದರೆ ಕೊಳವೆ ಹಿಡಿದು ನುಡಿಸುವುದು ಕೈಗೆ ಒಗ್ಗಲಿಲ್ಲ. ಬರಿಬೆರಳಿನಲ್ಲೇ ಅದನ್ನು ಅನುಕರಿಸಹೊರಟಾಗ ಇಂದು ನಾವು ಅವರದೆಂದು ಗುರುತಿಸುವ ವೈಬ್ರಾಟೊ ಹುಟ್ಟಿಕೊಂಡಿತು. ಬೆರಳನ್ನು ತಂತಿಯ ಮೇಲೆ ಊರಿ, ಉಳಿದ ಕೈಯನ್ನು ಗಿಟಾರಿನ ಕತ್ತಿನಿಂದ ಬಿಡಿಸಿಕೊಂಡು, ಮಣಿಕಟ್ಟನ್ನು ಚಿಟ್ಟೆಯ ರೆಕ್ಕೆಯಂತೆ ಬಡಿಯುವ ಅವರ ಕೈಯನ್ನು ಒಮ್ಮೆ ನೋಡಿದವರು ಮರೆಯಲಾರರು. ಇನ್ನೊಂದು ಸಂಗತಿ: ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ, ಗಿಟಾರ್ ಮಾತನಾಡುವಾಗ ಅವರು ಸುಮ್ಮನಿರುತ್ತಾರೆ. ಕಾರ್ಡ್‌ಗಳನ್ನು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ಹಿಡಿಯುವುದು ತಮ್ಮ ಕೆಲಸವಲ್ಲವೆಂದು ಅವರೇ ಒಪ್ಪಿಕೊಂಡಿದ್ದರು.

ಬಲಗೈಯ ವಿಷಯಕ್ಕೆ ಬಂದರೆ, ನೀವು ಹೆಸರಿಸಿದ ನಾಫ್ಲರ್ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಳಸದೆ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳಿಂದ ಮೀಟುತ್ತಾರೆ. ಪಿಕ್ಕಿನ ಪ್ಲಾಸ್ಟಿಕ್ ಅಂಚು ತಂತಿಯನ್ನು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ತಾಗುತ್ತದೆ. ಬೆರಳಿನ ಮಾಂಸವಾದರೋ ಒಮ್ಮೆ ಸವರುತ್ತದೆ, ಒಮ್ಮೆ ಕಿತ್ತು ಎಳೆಯುತ್ತದೆ, ಒಮ್ಮೆ ತಂತಿಯನ್ನು ಎತ್ತಿ ಮೆಟ್ಟಿಲಿಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ಅಪ್ಪಳಿಸುತ್ತದೆ. ಜೊತೆಗೆ ಅವರು ಎಡಚರು, ಆದರೆ ನುಡಿಸುವುದು ಬಲಗೈಯವರ ಗಿಟಾರ್. ಅಂದರೆ ಶಕ್ತಿಯ ಕೈ ಮೆಟ್ಟಿಲುಗಳ ಮೇಲಿದೆ. ವೆಸ್ ಮಾಂಟ್ಗೊಮರಿ (1923–1968) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಬ್ಬೆರಳೊಂದರಿಂದಲೇ ಜಾಝ್ ನುಡಿಸಿದರು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಹಿಡಿದು ಇಡೀ ಸಾಲನ್ನು ಹಾಗೆಯೇ ನಡೆಸುವ ಅವರ ಪದ್ಧತಿಯನ್ನು ಇಂದು ಯಾರು ಮಾಡಿದರೂ "ಇದು ವೆಸ್" ಎಂದೇ ಹೇಳುತ್ತೇವೆ. 2023ರ ಜನವರಿಯಲ್ಲಿ ತೀರಿಹೋದ ಜೆಫ್ ಬೆಕ್ ತಮ್ಮ ನಡುವಯಸ್ಸಿನಲ್ಲಿ ಪಿಕ್ ಬಿಟ್ಟರು. ಹೆಬ್ಬೆರಳು ಮೀಟುತ್ತಿರುವಾಗ ಕಿರುಬೆರಳು ಗಿಟಾರಿನ ವಾಲ್ಯೂಮ್ ಗುಂಡಿಯ ಮೇಲಿರುತ್ತಿತ್ತು, ಅಂಗೈ ಸ್ವರವನ್ನು ಏರಿಳಿಸುವ ಟ್ರೆಮೊಲೊ ಸರಳಿನ ಮೇಲೆ. ಮೀಟಿದ ಮೇಲೆ ಶಬ್ದವನ್ನು ನಿಧಾನವಾಗಿ ತೆರೆದರೆ ಸ್ವರಕ್ಕೆ ಹುಟ್ಟೇ ಕೇಳುವುದಿಲ್ಲ, ಗಂಟಲಿನಿಂದ ಬಂದಂತೆ ಬರುತ್ತದೆ. ಅವರ ಗಿಟಾರನ್ನು ನೀವು ಕೊಳ್ಳಬಹುದು. ಆ ಕಿರುಬೆರಳು ಅಂಗಡಿಯಲ್ಲಿ ಸಿಗುವುದಿಲ್ಲ ಮಾರಾಯ್ರೇ.

ವೇಗದ ವಾದಕರನ್ನು ಗುರುತಿಸಲಾಗದಿರುವುದಕ್ಕೂ ಇದೇ ಕಾರಣವೆಂದು ನನ್ನ ಊಹೆ. ಸೆಕೆಂಡಿಗೆ ಹನ್ನೆರಡು ಸ್ವರ ಓಡಿಸುವಾಗ ಯಾವ ಸ್ವರಕ್ಕೂ ಬಾಳುವ ಪುರುಸೊತ್ತು ಇರುವುದಿಲ್ಲ. ಅವರನ್ನು ಸಾಲಿನ ಕೊನೆಯ ಸ್ವರದಲ್ಲಿ, ಅವರು ನಿಲ್ಲುವ ಜಾಗದಲ್ಲಿ ಕೇಳಿ ನೋಡಿ.

ಮೆಟ್ಟಿಲು ಮೀಟು (ಕುಂದಾಪುರ)

ನಾನು ವೀಣೆ ಕಲಿತವಳು, ಗಿಟಾರನ್ನು ಹೊರಗಿನಿಂದ ಕೇಳುವವಳು. ಬೆಂದೂರ್‌ವೆಲ್‌ನವರು ಎಡಗೈಗೆ ಒಂದೇ ಪ್ಯಾರಾ ಕೊಟ್ಟದ್ದು ನನಗೆ ಕಡಿಮೆಯೆನಿಸಿತು.

ಮೆಟ್ಟಿಲಿರುವ ಯಾವುದೇ ವಾದ್ಯದಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೇಲಿನ ಸ್ವರದಿಂದ ಕೆಳಗೆ ಜಾರಬೇಕಾದರೆ ಮೊದಲೇ ಸದ್ದಿಲ್ಲದೆ ತಂತಿಯನ್ನು ಎಳೆದಿಟ್ಟುಕೊಂಡು, ಆಮೇಲೆ ಮೀಟಿ, ಆಮೇಲೆ ಬಿಡಬೇಕು. ಎಷ್ಟು ಎಳೆದರೆ ಎಲ್ಲಿಗೆ ತಲುಪುತ್ತದೆಂಬುದನ್ನು ಮೀಟುವ ಮೊದಲು ಬೆರಳು ಬಲ್ಲದು, ಕಿವಿಗೆ ಇನ್ನೂ ಗೊತ್ತಿಲ್ಲ. ಗಿಲ್ಮೋರ್ ಅವರು ಒಂದು ಸ್ವರವನ್ನು ಹಿಗ್ಗಿಸಿ, ಅಲ್ಲಿಂದ ಮತ್ತೂ ಒಂದು ಮೆಟ್ಟಿಲಿನಷ್ಟು ಎಳೆದು, ಅಲ್ಲಿ ನಿಂತ ಮೇಲೆ ಅದುರಿಸುವುದನ್ನು ಕೇಳಿದಾಗ ನನಗೆ ಅನ್ನಿಸಿದ್ದು, ಇವರಿಗೆ ಯಾರಾದರೂ ಚಿಕ್ಕಂದಿನಲ್ಲಿ ವೀಣೆ ಕೊಡಬೇಕಿತ್ತು ಎಂದು. ಗಿಟಾರಿನ ತಂತಿ ವೀಣೆಯ ತಂತಿಗಿಂತ ಬಿಗಿ, ಆದ್ದರಿಂದ ಅವರ ಶ್ರಮ ಹೆಚ್ಚು, ವ್ಯಾಪ್ತಿ ಕಡಿಮೆ.

ವೀಣೆಯಲ್ಲಿಯೂ ನಿಮ್ಮ ಪ್ರಶ್ನೆ ಇದೆ, ನಾವು ಅದಕ್ಕೆ ಬಾನಿ ಎನ್ನುತ್ತೇವೆ. ಮೈಸೂರು ಬಾನಿಯ ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರಲ್ಲಿ ಮೀಟು ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ, ಎಳೆತ ಮಿತವಾಗಿರುತ್ತದೆ. ಎಸ್. ಬಾಲಚಂದರ್ (1927–1990) ಅವರಾದರೋ ಒಂದೇ ಮೆಟ್ಟಿಲಿನ ಮೇಲೆ ನಿಂತು, ಒಂದು ಮೀಟಿನಲ್ಲಿ, ತಂತಿಯನ್ನು ಎಳೆದೆಳೆದು ಸ್ವರದ ಮೇಲೆ ಸ್ವರವನ್ನು ತೆಗೆಯುತ್ತಿದ್ದರು. ಅದೇ ಹಲಸಿನ ಮರದ ಕೊಡ, ಅದೇ ಇಪ್ಪತ್ತನಾಲ್ಕು ಮೆಟ್ಟಿಲು. ಇಬ್ಬರ ನಡುವೆ ಆಂಪ್ಲಿಫೈಯರಿನ ವ್ಯತ್ಯಾಸವನ್ನು ಹುಡುಕಲು ಯಾರೂ ಹೋಗಲಾರರು.

ನನ್ನ ಮೆಚ್ಚಿನ ಗಿಟಾರ್ ವಾದಕರು ಆರ್. ಪ್ರಸನ್ನ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನ ಮೇಲೆ, ಉಕ್ಕಿನ ಮೆಟ್ಟಿಲುಗಳ ನಡುವೆ, ಅವರು ಕರ್ನಾಟಕ ಸಂಗೀತದ ಕೃತಿಗಳನ್ನು ನುಡಿಸುತ್ತಾರೆ. ತೋಡಿ ರಾಗದ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ, ಅದನ್ನು ಗಿಟಾರಿನಲ್ಲಿ ಒಪ್ಪವಾಗಿ ತೂಗುವುದೆಂದರೆ ಸಣ್ಣ ಮಾತಲ್ಲ. ಜಾನ್ ಮೆಕ್‌ಲಾಫ್ಲಿನ್ ಇದೇ ಕಷ್ಟಕ್ಕೆ ಬೇರೆ ಪರಿಹಾರ ಕಂಡುಕೊಂಡರು: ಭಾರತೀಯ ವಾದಕರೊಡನೆ ಕಟ್ಟಿದ ಶಕ್ತಿ ತಂಡದ ದಿನಗಳಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ತೋಡಿಸಿದ ಗಿಟಾರ್ ಮಾಡಿಸಿಕೊಂಡರು, ಬೆರಳಿಗೆ ಮರ ತಾಗದೆ ತಂತಿ ಮಾತ್ರ ಸಿಗುವಂತೆ. ಅದು ವೀಣೆಯ ತರ್ಕವೇ. ಬ್ರಿಜ್‌ಭೂಷಣ್ ಕಾಬ್ರಾ ಅವರು ಗಿಟಾರನ್ನು ಮಡಿಲಲ್ಲಿ ಮಲಗಿಸಿ ಉಕ್ಕಿನ ಸರಳು ಜಾರಿಸಿ ಮೆಟ್ಟಿಲಿನ ತಕರಾರನ್ನೇ ತೆಗೆದುಹಾಕಿದರು. ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಅವರು ನುಡಿಸಿದ 1967ರ ಧ್ವನಿಮುದ್ರಿಕೆ ನಮ್ಮ ಮನೆಯಲ್ಲಿ ಸವೆದುಹೋಗುವಷ್ಟು ತಿರುಗಿದೆ.

ನಮ್ಮ ಜಿಲ್ಲೆಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಂಟ್ವಾಳದ ಕಡೆಯ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ (1949–2019) ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದನ್ನು ಹಿಡಿದರು, ಮತ್ತು ಅವರ ಸ್ಯಾಕ್ಸೋಫೋನಿನಲ್ಲಿ ಕೊನೆಯವರೆಗೂ ನಾಗಸ್ವರದ ಉಸಿರು ಕೇಳುತ್ತಿತ್ತು. ವಾದ್ಯ ಬದಲಾಯಿತು, ಗಮಕ ಮನೆಯದೇ ಉಳಿಯಿತು. ಯಕ್ಷಗಾನ ಕೇಳಿ ಬೆಳೆದವರು ಇನ್ನೊಂದನ್ನೂ ಬಲ್ಲರು: ನಡುರಾತ್ರಿ ಗದ್ದೆಯಾಚೆಯಿಂದ ಗಾಳಿಯಲ್ಲಿ ಒಂದು ಎಳೆ ತೇಲಿಬಂದರೆ ಹಾಡುತ್ತಿರುವ ಭಾಗವತರು ಬಲಿಪರೋ ಕಾಳಿಂಗ ನಾವಡರೋ ಎಂದು ಹಾಸಿಗೆಯಲ್ಲಿ ಮಲಗಿದ್ದವರೂ ಹೇಳುತ್ತಿದ್ದರು. 1990ರಲ್ಲಿ ನಾವಡರು ಹೋದ ಮೇಲೆ ಅವರಂತೆ ಹಾಡುವವರು ಬಹಳ ಮಂದಿ ಬಂದರು. ಅನುಕರಿಸುವವರಲ್ಲಿ ನಾವಡರ ತಿರುವುಗಳೆಲ್ಲ ಇದ್ದವು, ತಿರುವಿಗೆ ಮೊದಲಿನ ಆ ಸಣ್ಣ ತಡೆ ಇರಲಿಲ್ಲ.

ಹಳೆ ತುಕ್ಕು (ಸುರತ್ಕಲ್)

ಎಲ್ಲವೂ ಕೈಯಲ್ಲಿದೆ ಎಂದು ಮೇಲಿನ ಇಬ್ಬರೂ ತೀರ್ಪು ಕೊಟ್ಟಂತಿದೆ. ಪ್ರಶ್ನೆ ಕೇಳಿದವರ ಗೆಳೆಯರ ಪರವಾಗಿ ಯಾರಾದರೂ ಮಾತನಾಡಬೇಕಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಚರಾದ್ದರಿಂದ ಮೆಟ್ಟಿಲು ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಒತ್ತಲು ಸುಲಭವಾಗಲೆಂದು ತೆಳುವಾದ ತಂತಿ ಹಾಕಿದರು, 1971ರ ಹೊತ್ತಿಗೆ ತಂತಿಗಳನ್ನು ಮೂರು ಅರೆಸ್ವರಗಳಷ್ಟು ಇಳಿಸಿ ಕಟ್ಟಿದರು. ಹೆವಿ ಮೆಟಲ್ ಎಂಬ ಪ್ರಕಾರದ ಆ ಭಾರವಾದ, ತಗ್ಗಿದ ನಾದದಲ್ಲಿ ದೊಡ್ಡ ಪಾಲು ಈ ಹೊಂದಾಣಿಕೆಯದು. ತಂತಿಯೂ ಟ್ಯೂನಿಂಗೂ ಸಾಮಗ್ರಿಯಲ್ಲವೇ? ಆಲ್ಬರ್ಟ್ ಕಿಂಗ್ ಎಡಚರು, ಬಲಗೈ ಗಿಟಾರನ್ನು ತಂತಿ ಬದಲಾಯಿಸದೆ ಹಾಗೆಯೇ ತಿರುಗಿಸಿ ಹಿಡಿದರು. ಉಳಿದವರು ತೆಳು ತಂತಿಯನ್ನು ಮೇಲಕ್ಕೆ ತಳ್ಳಿ ಸ್ವರ ಏರಿಸಿದರೆ ಅವರು ಕೆಳಕ್ಕೆ ಸೆಳೆದು ಏರಿಸುತ್ತಿದ್ದರು, ಅಂದರೆ ಇಡೀ ಮುಷ್ಟಿಯ ಬಲ ಆ ಎಳೆತಕ್ಕೆ ಸಿಗುತ್ತಿತ್ತು. ಜಾಂಗೊ ರೈನ್‌ಹಾರ್ಟ್ ಅವರ ಎಡಗೈಯ ಎರಡು ಬೆರಳು 1928ರ ಬೆಂಕಿಯಲ್ಲಿ ಸುಟ್ಟು ಮಡಚಿಹೋದವು, ಉಳಿದ ಎರಡರಿಂದಲೇ ಅವರು ಒಂಟಿವಾದನದ ಸೋಲೊಗಳನ್ನೆಲ್ಲ ನುಡಿಸಿದರು. ಶೈಲಿಯೆಂದರೆ ಒಬ್ಬರ ಕೈಗೆ ಬಾರದ್ದರ ಸುತ್ತ ಬೆಳೆದದ್ದು ಎಂದು ನಾನು ಹೇಳುತ್ತೇನೆ.

ಸಾಮಗ್ರಿಯ ಪರವಾಗಿ ವಾದಿಸಲು ಹೊರಟವನಿಗೆ ತಡೆಯಾಗುವ ಸಂಗತಿಯೂ ಒಂದಿದೆ, ಪ್ರಾಮಾಣಿಕವಾಗಿ ಅದನ್ನೂ ಹೇಳಿಬಿಡುತ್ತೇನೆ. ದಪ್ಪ ನಾದಕ್ಕೆ ದಪ್ಪ ತಂತಿ ಬೇಕೆಂಬ ಮಾತಿಗೆ ಎಲ್ಲರೂ ಸ್ಟೀವಿ ರೇ ವಾನ್ ಅವರ ಒಂದಿಂಚಿನ ಸಾವಿರದಲ್ಲಿ 13 ಭಾಗ ದಪ್ಪದ ಮೊದಲ ತಂತಿಯನ್ನು ಉದಾಹರಿಸುತ್ತಾರೆ. ಆದರೆ ಅಷ್ಟೇ ತುಂಬಿದ ನಾದ ಬಿಲ್ಲಿ ಗಿಬನ್ಸ್ ಅವರಿಗೆ 7 ಭಾಗದ ತಂತಿಯಲ್ಲಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಈ ಚರ್ಚೆಯೇ ವ್ಯರ್ಥ: ಜೂನ್ ತಿಂಗಳಲ್ಲಿ ಹೊಸ ತಂತಿ ಹಾಕಿದರೆ ಎರಡು ವಾರದಲ್ಲಿ ತುಕ್ಕು ಹಿಡಿದು ಎಲ್ಲರ ಗಿಟಾರೂ ಒಂದೇ ಸಮನೆ ಮಂಕಾಗುತ್ತದೆ.

ಕುಲಶೇಖರದ ಕಾಯರ್ (ಮಂಗಳೂರು)

ಇಷ್ಟೂ ಉತ್ತರಗಳಲ್ಲಿ ಸೋಲೊ ನುಡಿಸುವವರದೇ ಮಾತಾಯಿತು. ಒಂದು ಹಾಡಿನಲ್ಲಿ ಸೋಲೊ ಇರುವುದು ಇಪ್ಪತ್ತು ಸೆಕೆಂಡು. ಉಳಿದ ನಾಲ್ಕು ನಿಮಿಷ ಗಿಟಾರ್ ಏನು ಮಾಡುತ್ತಿರುತ್ತದೆಂದು ಯಾರಿಗೂ ಕೇಳಬೇಕೆನಿಸಲಿಲ್ಲವೇ?

ನಾನು ಚರ್ಚಿನ ಗಾಯನವೃಂದಕ್ಕೆ ಹದಿನೆಂಟು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ, ಕುಟುಂಬದಲ್ಲಿ ಮದುವೆಗೆ ಮುಂಚೆ ನಡೆಯುವ ರೋಸ್ ಕಾರ್ಯಕ್ರಮಗಳಲ್ಲೂ ನುಡಿಸುತ್ತೇನೆ. ಅಲ್ಲಿ ನನಗೆ ಬೇಕಾಗುವುದು ಮೂರೋ ನಾಲ್ಕೋ ಕಾರ್ಡ್. ಅದೇ ಕೊಂಕಣಿ ಹಾಡಿಗೆ ಅದೇ ಮೂರು ಕಾರ್ಡ್ ಹಿಡಿದು ನನ್ನ ಅಣ್ಣ ನುಡಿಸಿದರೆ ಜನ ಎದ್ದು ಕುಣಿಯುತ್ತಾರೆ, ನಾನು ನುಡಿಸಿದರೆ ಕುಳಿತಲ್ಲೇ ಚಪ್ಪಾಳೆ ತಟ್ಟುತ್ತಾರೆ. ಬಹಳ ವರ್ಷ ಇದು ನನಗೆ ಬಿಡಿಸಲಾಗದ ಒಗಟಾಗಿತ್ತು. ಕೊನೆಗೆ ಇಬ್ಬರದೂ ಫೋನಿನಲ್ಲಿ ಮುದ್ರಿಸಿ ನಿಧಾನಗತಿಯಲ್ಲಿ ಕೇಳಿದೆ. ಅಣ್ಣ ಕೈ ಮೇಲಕ್ಕೆ ಎಳೆಯುವ ಹೊಡೆತದಲ್ಲಿ ತೆಳುವಾದ ಎರಡು ಮೂರು ತಂತಿಗಳನ್ನು ಮಾತ್ರ ತಾಗಿಸುತ್ತಾನೆ, ಮತ್ತು ತಕ್ಷಣ ಎಡಗೈಯನ್ನು ಸಡಿಲಿಸಿ ನಾದವನ್ನು ಕತ್ತರಿಸುತ್ತಾನೆ. ನಾನು ಆರೂ ತಂತಿಗಳನ್ನು ಗುಡಿಸುತ್ತಿದ್ದೆ, ಒಂದು ಹೊಡೆತದ ನಾದ ಮುಂದಿನದರ ಮೇಲೆ ಚೆಲ್ಲುತ್ತಿತ್ತು.

ಆ ಕತ್ತರಿಸುವ ವಿದ್ಯೆಯ ದೊಡ್ಡ ಗುರು ನೈಲ್ ರಾಜರ್ಸ್. ಅವರ ಬಲಗೈ ತಾಳದ ಒಂದು ಸುತ್ತಿಗೆ ಹದಿನಾರು ಭಾಗಗಳ ಲೆಕ್ಕದಲ್ಲಿ ನಿಲ್ಲದೆ ಆಡುತ್ತಿರುತ್ತದೆ, ಯಾವ ಹೊಡೆತ ಸ್ವರವಾಗಬೇಕು, ಯಾವುದು ಬರಿಯ 'ಚಕ್' ಎಂಬ ಸದ್ದಾಗಬೇಕು ಎಂಬುದನ್ನು ಎಡಗೈಯ ಒತ್ತಡ ತೀರ್ಮಾನಿಸುತ್ತದೆ. ಕೀತ್ ರಿಚರ್ಡ್ಸ್ ಆರನೆಯ ತಂತಿಯನ್ನು ಕಿತ್ತುಹಾಕಿ, ಉಳಿದ ಐದನ್ನು ಬರಿದೇ ಮೀಟಿದರೆ ಒಂದು ಪೂರ್ಣ ಕಾರ್ಡ್ ಬರುವಂತೆ ಶ್ರುತಿ ಮಾಡಿಕೊಂಡು, ಒಂದೆರಡು ಬೆರಳುಗಳಲ್ಲಿ ಇಡೀ ಹಾಡು ನಡೆಸುತ್ತಾರೆ. ನನ್ನ ಮೆಚ್ಚಿನವರೆಂದರೆ 2017ರಲ್ಲಿ ತೀರಿಹೋದ, ಎಸಿ/ಡಿಸಿ ರಾಕ್ ತಂಡದ ಮಾಲ್ಕಮ್ ಯಂಗ್. ತಮ್ಮ ಆಂಗಸ್ ಚಡ್ಡಿ ತೊಟ್ಟು ವೇದಿಕೆಯ ತುಂಬ ಓಡಾಡುತ್ತಿದ್ದರೆ ಇವರು ಹಿಂದೆ ಡ್ರಮ್ಮಿನ ಪಕ್ಕ ನಿಂತು, ದಪ್ಪ ತಂತಿಯ ಗಿಟಾರಿನಲ್ಲಿ, ಜನರು ಎಣಿಸುವುದಕ್ಕಿಂತ ಎಷ್ಟೋ ಕಡಿಮೆ ಕರ್ಕಶತೆಯಲ್ಲಿ, ಹೊಡೆತಗಳ ನಡುವೆ ನಿಶ್ಶಬ್ದವನ್ನು ಅಳೆದು ಇಡುತ್ತಿದ್ದರು. ಅವರು ಕೈ ನಿಲ್ಲಿಸಿದ ಕ್ಷಣವೇ ಅವರ ಗುರುತು ಎನ್ನಬಹುದು.

ಸುರತ್ಕಲ್‌ನವರಿಗೆ ಒಂದು ಮಾತು: ಬೆರಳು ಕಳೆದುಕೊಂಡವರೆಲ್ಲ ಜಾಂಗೊ ಆಗಲಿಲ್ಲ. ಬಾರದ್ದನ್ನು ಬಿಟ್ಟು ಸುಮ್ಮನೆ ಕುಳಿತವರೇ ಹೆಚ್ಚು.

ಮಲ್ಪೆ ಗಾಳಿ (ಉಡುಪಿ)

ಎಲ್ಲರಿಗೂ ಕೃತಜ್ಞತೆಗಳು. ಕುಲಶೇಖರದ ಅಕ್ಕನ ಮಾತಿನಂತೆ ಈ ಭಾನುವಾರ ಸೋಲೊಗಳನ್ನು ಬಿಟ್ಟು ತಾಳದ ಗಿಟಾರಿನ ತುಣುಕುಗಳನ್ನೇ ತಂದೆವು. ಮಾಲ್ಕಮ್ ಯಂಗ್ ಅವರನ್ನು ಮೂವರು ಹೇಳಿದರು, ರಾಜರ್ಸ್ ಅವರನ್ನು ಎಲ್ಲರೂ ಹೇಳಿದರು. ನಾನು ರಿಚರ್ಡ್ಸ್ ಅವರಲ್ಲಿ ಮೊದಲ ಸಲ ಸೋತೆ. ವೇಗದ ವಾದಕರನ್ನು ಸಾಲಿನ ಕೊನೆಯಲ್ಲಿ ಕೇಳಬೇಕೆಂಬ ಸಲಹೆ ಅರ್ಧ ಫಲಿಸಿತು: ನಾಲ್ವರಲ್ಲಿ ಇಬ್ಬರು ಸಿಕ್ಕಿದರು, ಉಳಿದಿಬ್ಬರು ಸಾಲಿನ ಕೊನೆಯಲ್ಲೂ ನಿಲ್ಲುವವರಲ್ಲ.

ಆಟದ ನಡುವೆ ಜೋರು ಮಳೆ ಹಿಡಿದು ಕರೆಂಟು ಹೋಯಿತು. ಇನ್ವರ್ಟರಿಗೆ ಆಂಪ್ ಹಾಕಲು ಗೆಳೆಯರ ತಾಯಿ ಒಪ್ಪಲಿಲ್ಲ. ಕತ್ತಲಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಏನೂ ಜೋಡಿಸದೆ ಕೈಯಿಂದ ಕೈಗೆ ದಾಟಿಸುತ್ತ ಒಬ್ಬೊಬ್ಬರೂ ಒಂದೇ ಸಾಲನ್ನು ನುಡಿಸಿದೆವು. ಹೆಂಚಿನ ಮೇಲೆ ಮಳೆಯ ಸದ್ದಿದ್ದುದರಿಂದ ಬಹಳ ಹತ್ತಿರ ಕುಳಿತು ಕೇಳಬೇಕಾಯಿತು. ಐವರಲ್ಲಿ ನಾಲ್ವರ ಗುರುತು ತಪ್ಪಿಲ್ಲದೆ ಸಿಕ್ಕಿತು. ನಾನು ಪ್ರತಿ ಸಾಲನ್ನೂ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಎತ್ತಿಕೊಳ್ಳುತ್ತೇನಂತೆ, ಅದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ಗುರುತು ಸಿಗದೆ ಉಳಿದವರು ಮನೆಯ ಯಜಮಾನರೇ. ಅವರು ಇದಕ್ಕೆ ಪೆಡಲ್ ಇಲ್ಲದ್ದೇ ಕಾರಣವೆಂದು ಈಗಲೂ ವಾದಿಸುತ್ತಿದ್ದಾರೆ, ಮತ್ತು ಆ ವಾದವನ್ನು ಸುಲಭವಾಗಿ ತಳ್ಳಿಹಾಕುವುದು ಹೇಗೆಂದು ನಮಗೂ ತೋಚಲಿಲ್ಲ.

ಕುಂದಾಪುರದವರಲ್ಲಿ ಒಂದು ವಿನಂತಿ: ಮುಂದಿನ ವಾರ ದೊರೆಸ್ವಾಮಿ ಅಯ್ಯಂಗಾರ್ ಮತ್ತು ಬಾಲಚಂದರ್ ಇಬ್ಬರೂ ನುಡಿಸಿರುವ ಒಂದೇ ರಾಗವನ್ನು ಸೂಚಿಸಿದರೆ ಆಟಕ್ಕೆ ಸೇರಿಸಿಕೊಳ್ಳುತ್ತೇವೆ. ಆಲಾಪನೆಯಾದರೆ ಒಳ್ಳೆಯದು, ಮೃದಂಗ ಸೇರಿದರೆ ನಮ್ಮವರು ಅದನ್ನು ನೆಪ ಮಾಡಿಕೊಳ್ಳುತ್ತಾರೆ.